ಡಿಫಾಲ್ಟ್ ಹೋಸ್ಟಿಗೆ ಐದು ಊರಿನ ಪಾಳಿ

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಮಾಡುತ್ತಿದ್ದ ಕೆಲಸವನ್ನು ಯಾವ ಕಂಪ್ಯೂಟರ್ ಪುಸ್ತಕದಲ್ಲೂ ಬರೆದಿಲ್ಲ. ಸರ್ವರ್ ನಿಲ್ಲಿಸುವುದು. ಒಂದು ಫೈಲು ತೆರೆಯುವುದು. ಅದರ ಒಂದೇ ಒಂದು ಸಾಲಿನಲ್ಲಿ ಒಂದು ಊರಿನ ಹೆಸರು ಅಳಿಸಿ ಇನ್ನೊಂದು ಊರಿನ ಹೆಸರು ಹಾಕುವುದು. ಸರ್ವರ್ ಮತ್ತೆ ಶುರು ಮಾಡುವುದು. ಆಮೇಲೆ ಉದ್ದನೆಯ ರಿಜಿಸ್ಟರಿನಲ್ಲಿ ಸಹಿ ಹಾಕಿ, ಆ ಊರಿನ ಡೈರೆಕ್ಟರಿಗೆ ಫೋನ್ ಮಾಡಿ “ನಿಮ್ಮ ಪಾಳಿ ಶುರು ಆತ್ರಿ ಸಾಹೇಬ್ರ” ಎಂದು ತಿಳಿಸುವುದು. ನಾಲ್ಕು ಸೋಮವಾರ ಹೀಗೆ ಮಾಡಿದೆ, ಐದನೆಯದಕ್ಕೆ ಮಾಡಲಿಲ್ಲ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಅವರ ಮೇಲಷ್ಟೇ ಅಲ್ಲ, ಆ ನಾಲ್ಕು ಸೋಮವಾರಗಳಿಗಾಗಿ ನನ್ನ ಮೇಲೂ.

ಚಿಕ್ಕೋಡಿಯ ಒಂದು ಶಿಕ್ಷಣ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ನಾನು ಕಂಪ್ಯೂಟರ್ ವಿಭಾಗದಲ್ಲಿದ್ದೆ. ವಿಭಾಗ ಎಂದರೆ ನಾನೊಬ್ಬಳೇ. ಸಂಸ್ಥೆಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಹೀಗೆ ಐದು ಕಡೆ ಕಾಲೇಜುಗಳು. ಐದರಲ್ಲೂ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಇತ್ತು. ೨೦೧೦ರ ಆಚೀಚೆಯ ಮಾತು. ಆ ವರ್ಷ ಮೊದಲ ಬಾರಿಗೆ ಪ್ರವೇಶದ ಅರ್ಜಿಯನ್ನು ಇಂಟರ್ನೆಟ್ಟಿನಲ್ಲಿ ತುಂಬಿಸಬೇಕೆಂದು ಠರಾವಾಯಿತು. ಕೊಲ್ಲಾಪುರದ ಗುತ್ತಿಗೆದಾರನೊಬ್ಬ ಅರ್ಜಿಯ ಪ್ರೋಗ್ರಾಂ ಅನ್ನು ಜಾವಾದಲ್ಲಿ ಬರೆದು ಒಂದು ಸಿ.ಡಿ.ಯಲ್ಲಿ ತಂದು ಕೊಟ್ಟ. ಅದನ್ನು ಒಂದೇ ಸರ್ವರಿನ ಮೇಲೆ, ಐದು ಹೆಸರಿನಲ್ಲಿ, ಐದು ಬೇರೆ ಬೇರೆ ಕಾಲೇಜುಗಳಂತೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಸರ್ವರ್ ಎಂದರೆ ಎರಡು ಜಿ.ಬಿ. ಮೆಮೊರಿಯ ಒಂದು ಡಬ್ಬಿ. ಮೊದಲು ಕ್ರೀಡಾ ಸಾಮಾನು ಇಡುತ್ತಿದ್ದ ಕೋಣೆಯಲ್ಲಿ, ಹರಿದ ವಾಲಿಬಾಲ್ ನೆಟ್ಟಿನ ಪಕ್ಕ ಅದಕ್ಕೆ ಜಾಗ ಕೊಟ್ಟಿದ್ದರು.

ಇದಕ್ಕೆ ವರ್ಚುವಲ್ ಹೋಸ್ಟ್ ಎನ್ನುತ್ತಾರೆ. ಸಂಗತಿ ಸರಳ. ಯಾರಾದರೂ ಬ್ರೌಸರಿನಲ್ಲಿ ಒಂದು ಹೆಸರು ಒತ್ತಿದರೆ, ಬ್ರೌಸರು ಸರ್ವರಿನ ಬಾಗಿಲಿಗೆ ಬಂದು “ನನಗೆ ಇಂಥ ಹೆಸರಿನವರು ಬೇಕು” ಎಂದು ಹೇಳುತ್ತದೆ. ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್ ಆ ಹೆಸರನ್ನು ತನ್ನ ಪಟ್ಟಿಯಲ್ಲಿ ಹುಡುಕಿ, ಆ ಹೆಸರಿನ ಫೋಲ್ಡರಿನಿಂದ ಪುಟ ತೆಗೆದು ಕೊಡುತ್ತದೆ. ಹೆಸರು ಐದಾದರೂ ಯಂತ್ರ ಒಂದೇ. ಪಟ್ಟಿಯಲ್ಲಿ ಇಲ್ಲದ ಹೆಸರು ಹೇಳಿಕೊಂಡು ಯಾರಾದರೂ ಬಂದರೆ ಅವರನ್ನು ಎಲ್ಲಿಗೆ ಕಳಿಸಬೇಕು ಎನ್ನುವುದಕ್ಕೆ ಒಂದು ಸಾಲು ಇರುತ್ತದೆ. ಅದೇ ಡಿಫಾಲ್ಟ್ ಹೋಸ್ಟ್. ಸಾಮಾನ್ಯವಾಗಿ ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಮೊದಲ ವಾರ ನನ್ನದೇ ತಪ್ಪುಗಳಲ್ಲಿ ಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಐದು ಕಾಲೇಜಿಗೆ ಐದು ಫೋಲ್ಡರು ಮಾಡಿದೆ, ಆದರೆ ಚಿಕ್ಕೋಡಿಯ ಫೋಲ್ಡರಿನ ಒಳಗೇ ಉಳಿದ ನಾಲ್ಕನ್ನೂ ಇಟ್ಟುಬಿಟ್ಟೆ. ಸರ್ವರ್ ಶುರುವಾದಾಗ ಚಿಕ್ಕೋಡಿಯವರದು ಎಂದು ಐದನ್ನೂ ಎತ್ತಿಕೊಂಡಿತು, ಆಮೇಲೆ ಉಳಿದವರ ಹೆಸರಿನಲ್ಲಿ ಮತ್ತೆ ನಾಲ್ಕನ್ನು ಎತ್ತಿಕೊಂಡಿತು. ಅರ್ಧಕ್ಕೇ ಮೆಮೊರಿ ಸಾಲದೆಂದು ಕೂತುಬಿಟ್ಟಿತು. ಮೆಮೊರಿಯ ಮಿತಿ ಹೆಚ್ಚಿಸಿದೆ, ಮತ್ತೆ ಕೂತಿತು. ಎರಡು ದಿನ, ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲು ಓದಿ ಓದಿ ಕಣ್ಣು ಕೆಂಪಾದ ಮೇಲೆ ಫೋಲ್ಡರುಗಳನ್ನು ಹೊರಗೆ ತೆಗೆದು ಸಾಲಾಗಿ ಇಟ್ಟೆ. ಹೆಸರುಗಳು ಇನ್ನೂ ಇಂಟರ್ನೆಟ್ಟಿನಲ್ಲಿ ನೋಂದಣಿಯಾಗಿರಲಿಲ್ಲ, ಹಾಗಾಗಿ ನನ್ನ ಮೇಜಿನ ಕಂಪ್ಯೂಟರಿನಲ್ಲಿ, ಯಾವ ಹೆಸರು ಯಾವ ಯಂತ್ರದ್ದು ಎಂದು ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿ ಐದೂ ಹೆಸರು ಬರೆದು, ಒಂದೊಂದನ್ನೇ ಒತ್ತಿ ಪರೀಕ್ಷೆ ಮಾಡಿದೆ. ಯಾವ ಹೆಸರಿನಿಂದ ಬಂದವರು ಎಲ್ಲಿಗೆ ಹೋದರು ಎಂದು ಕಾಣಲೆಂದು, ಪ್ರತಿ ಭೇಟಿಯ ಲೆಕ್ಕ ಬರೆಯುವ ಲಾಗಿನಲ್ಲಿ ಅವರು ಕೇಳಿದ ಹೆಸರನ್ನೂ ಬರೆಯುವಂತೆ ಒಂದು ಪದ ಸೇರಿಸಿದೆ. ಪರೀಕ್ಷೆ ಮುಗಿದ ಮೇಲೆ ಆ ಪದವನ್ನು ತೆಗೆಯಲು ಮರೆತೆ.

ಹೆಸರುಗಳು ನೋಂದಣಿಯಾಗುವ ಮೊದಲೇ ಪ್ರಾಸ್ಪೆಕ್ಟಸ್ ಅಚ್ಚಿಗೆ ಹೋಗಬೇಕಿತ್ತು. ಮುಖಪುಟದ ಮೇಲೆ ಐದು ವೆಬ್ ವಿಳಾಸಗಳನ್ನು ಯಾವ ಕ್ರಮದಲ್ಲಿ ಹಾಕಬೇಕು ಎಂದು ಐದು ಊರಿನ ಡೈರೆಕ್ಟರುಗಳ ನಡುವೆ ಜಗಳ ಹತ್ತಿತು. ಹಳೆಯ ಕಾಲೇಜು ಮೊದಲು ಎಂದರು ನಿಪ್ಪಾಣಿಯವರು. ಮುಖ್ಯ ಕಚೇರಿ ಮೊದಲು ಎಂದರು ಚಿಕ್ಕೋಡಿಯವರು. ಕಾಗವಾಡದವರು, ಗಡಿಯಲ್ಲಿ ಕೂತು ಹುಡುಗರನ್ನು ಮಿರಜಿಗೆ ಹೋಗದಂತೆ ಹಿಡಿದಿಟ್ಟವರು ನಾವು, ನಮ್ಮದೇ ಮೊದಲು ಎಂದರು. ಆಗ ನಮ್ಮ ಹೆಡ್‌ಕ್ಲಾರ್ಕ್, ಮೂವತ್ತು ವರ್ಷದಿಂದ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಬದುಕಿದ ಮನುಷ್ಯ, ನನ್ನ ಕೋಣೆಗೆ ಬಂದು ಕೇಳಿದರು.

“ಆ ಡಬ್ಬಿಗೆ ಒಂದು ನಂಬರ್ ಇರ್ತೈತಂತಲ್ಲ, ಅದನ್ನ ಒತ್ತಿದ್ರನೂ ಸೈಟ್ ಬರ್ತೈತೇನು?”

“ಬರ್ತೈತ್ರಿ. ಆದ್ರ ಐದರಾಗ ಯಾವುದಾದ್ರೂ ಒಂದೇ ಬರ್ತೈತಿ.”

“ಬಂತಲ್ಲ, ಸಾಕು. ನಂಬರಿಗೆ ಹಿರಿಯಾ ಕಿರಿಯಾ ಇಲ್ಲ.”

ನಾನು ಬೇಡ ಎಂದು ಹೇಳುವುದರೊಳಗೆ ಅವರು ಮೆಟ್ಟಿಲಿಳಿದಿದ್ದರು. ಸಾವಿರಾರು ಪ್ರಾಸ್ಪೆಕ್ಟಸ್ಸುಗಳ ಮೇಲೆ ನಾಲ್ಕು ತುಂಡಿನ ಒಂದು ನಂಬರು ಅಚ್ಚಾಗಿ ಬಂತು. ಊರ ಹೆಸರು ಒಂದೂ ಇಲ್ಲ. ಆಮೇಲೆ ಹೆಸರುಗಳೂ ನೋಂದಣಿಯಾದವು, ಆದರೆ ಜನರ ಕೈಯಲ್ಲಿದ್ದದ್ದು ನಂಬರೇ. ನಂಬರು ಒತ್ತಿ ಬಂದವರ ಪಾಲಿಗೆ ಐದು ಕಾಲೇಜು ಇರುವುದೇ ಇಲ್ಲ. ಅವರೆಲ್ಲ ಸೀದಾ ಡಿಫಾಲ್ಟ್ ಹೋಸ್ಟಿಗೆ ಹೋಗುತ್ತಾರೆ. ಅರ್ಜಿಯಲ್ಲಿ ಯಾವ ಕಾಲೇಜು ಬೇಕು ಎಂದು ಕೇಳುವ ಅಂಕಣವೇ ಇರಲಿಲ್ಲ, ಏಕೆಂದರೆ ಯಾವ ಹೆಸರಿನಿಂದ ಬಂದರೋ ಅದೇ ಅವರ ಕಾಲೇಜು ಎಂದು ಗುತ್ತಿಗೆದಾರ ಇಟ್ಟುಕೊಂಡಿದ್ದ. ಪುಟದ ತಲೆಯ ಮೇಲೆ ಸಂಸ್ಥೆಯ ಹೆಸರು ಮಾತ್ರ. ಅರ್ಜಿ ತುಂಬಿದ ಮೇಲೆ ಸಿಗುವ ಚೀಟಿಯಲ್ಲಿ ಕಾಲೇಜಿನ ಬದಲು ಒಂದು ಕೋಡ್ ನಂಬರ್.

ಇದನ್ನು ನಾನು ಡೈರೆಕ್ಟರುಗಳ ಸಭೆಯಲ್ಲಿ ಹೇಳಿದೆ. ಅಂದು ಗುತ್ತಿಗೆದಾರನೂ ಬಂದಿದ್ದ. ಡಿಫಾಲ್ಟ್ ಹೋಸ್ಟ್ ಅಂದರೇನು ಎಂದು ಚೇರ್ಮನ್ನರು ಕೇಳಿದರು. ನನಗೆ ಬಾಯಿ ತೆರೆಯಲು ಬಿಡದೆ ಅವನು ತನ್ನ ಮರಾಠಿಯಲ್ಲಿ, “ಸಾಹೇಬ, ವಾಟ ಚುಕಲೇಲಾ ಮಾಣೂಸ ಜ್ಯಾಚ್ಯಾ ಘರೀ ಯೇತೋ, ತೋ” ಎಂದ. ದಾರಿ ತಪ್ಪಿದ ಮನುಷ್ಯ ಯಾರ ಮನೆಗೆ ಬರುತ್ತಾನೋ ಅವರು. ಹೇಳಿ ನಕ್ಕ. ಅವನಿಗೆ ತಾನೆಂಥ ಬೆಂಕಿ ಹಚ್ಚಿದೆ ಎಂದು ಗೊತ್ತಿರಲಿಲ್ಲ.

ನಮ್ಮ ಕಡೆ ದಾರಿ ತಪ್ಪಿ ಊರಿಗೆ ಬಂದ ಪರಸ್ಥಳದವರನ್ನು ಯಾರ ವಾಡೆಗೆ ಕಳಿಸುತ್ತಾರೋ ಅವರದೇ ಆ ಊರಿನಲ್ಲಿ ದೊಡ್ಡ ಮನೆ. ರೊಟ್ಟಿ ಹಾಕಿ, ಹಾಸಿಗೆ ಕೊಟ್ಟು, ಬೆಳಿಗ್ಗೆ ಗಾಡಿ ಹತ್ತಿಸಿ ಕಳಿಸುವುದು ಖರ್ಚಲ್ಲ, ಮಾನ. ನಾನು ಬೇಡಕಿಹಾಳದವಳು. ನಮ್ಮ ಓಣಿ ಬುದ್ಧ ವಿಹಾರದ ಹಿಂದೆ. ದಾರಿ ತಪ್ಪಿದವರು ನಮ್ಮ ಓಣಿಗೆ ಬಂದು ನಿಂತರೂ ಯಾರಾದರೂ ಓಡಿಬಂದು ಅವರನ್ನು ವಾಡೆಗೆ ಕರೆದುಕೊಂಡು ಹೋಗುತ್ತಿದ್ದರು. ಹೀಗಾಗಿ ಆ ಮಾತು ಕೇಳಿದೊಡನೆ ಆ ಮೇಜಿನ ಸುತ್ತ ಐದು ಮುಖಗಳಲ್ಲಿ ಏನಾಯಿತು ಎಂದು ನನಗೆ ಬೇರೆಯವರಿಗಿಂತ ಬೇಗ ತಿಳಿಯಿತು.

“ಹಂಗಿದ್ರ ಅದು ನಿಪ್ಪಾಣಿನೇ ಆಗಬೇಕು” ಎಂದರು ನಿಪ್ಪಾಣಿಯವರು.

“ಯಾಕ್ರಿ? ಅಥಣಿಯಾಗ ಏನು ಅನ್ನಾ ಹಾಕೂ ಮಂದಿ ಇಲ್ಲೇನು?” ಎಂದರು ಅಥಣಿಯವರು.

ನಾನು ಎದ್ದು ನಿಂತೆ. ಆರನೆಯದೊಂದು ಹೋಸ್ಟ್ ಮಾಡಿ ಅದನ್ನೇ ಡಿಫಾಲ್ಟ್ ಇಡೋಣ, ಅದು ಯಾವ ಕಾಲೇಜಿನದೂ ಆಗಿರುವುದಿಲ್ಲ, ಅಲ್ಲಿ ಅರ್ಜಿಯೂ ಇರುವುದಿಲ್ಲ, ಐದು ಹೆಸರು ಮಾತ್ರ ಇರುತ್ತವೆ, ಬಂದವರು ತಮಗೆ ಬೇಕಾದ್ದನ್ನು ಒತ್ತಿ ಒಳಗೆ ಹೋಗಲಿ ಎಂದೆ. ಅರ್ಧ ಗಂಟೆಯ ಕೆಲಸ ಅದು. ಚೇರ್ಮನ್ನರು ನನ್ನ ಕಡೆ ಮಗುವಿಗೆ ಬುದ್ಧಿ ಹೇಳುವ ಮುಖ ಮಾಡಿ ನೋಡಿದರು.

“ಬಾಗಿಲಿಗೆ ಬಂದವರಿಗೆ ಖಾಲಿ ಮನಿ ತೋರಸ್ತಿಯೇನವಾ? ಯಾರೂ ಇಲ್ಲದ ಮನಿ? ಅದು ಚಲೋ ಲಕ್ಷಣ ಅಲ್ಲ.”

ಕಡೆಗೆ ಹೆಡ್‌ಕ್ಲಾರ್ಕ್ ಕೆಮ್ಮಿ ಗಂಟಲು ಸರಿಮಾಡಿಕೊಂಡು ಪರಿಹಾರ ಹೇಳಿದರು. ನೀರಿಗೆ ಪಾಳಿ ಇಲ್ಲವೇ, ಗುಡಿಯ ಪೂಜೆಗೆ ಪಾಳಿ ಇಲ್ಲವೇ, ಹಾಗೆಯೇ ಇದಕ್ಕೂ ಪಾಳಿ ಇಟ್ಟರಾಯಿತು. ವಾರಕ್ಕೊಬ್ಬರ ಮನೆ. ಚೀಟಿ ಎತ್ತಿದರು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ. ಐವರಿಗೂ ಸಂತೋಷವಾಯಿತು. ಚಹಾ ಬಂತು. ಹಾಗೆ ಮಾಡಿದರೆ ಅರ್ಜಿಗಳು ದಿಕ್ಕಾಪಾಲಾಗುತ್ತವೆ ಎಂದು ನಾನು ಎರಡು ಸಲ ಹೇಳಿದೆ. ಎರಡನೆಯ ಸಲ ಹೇಳುವಾಗ ಅವರು ಕಬ್ಬಿನ ಮಾತು ಶುರು ಮಾಡಿದ್ದರು.

ಮಾಡುವುದಿಲ್ಲ ಎಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಕಾಯಂ ಆಗದ ನೌಕರಿ, ಬೇಡಕಿಹಾಳದಿಂದ ದಿನದ ಬಸ್ಸು, ಮನೆಯಲ್ಲಿ ನನ್ನ ಸಂಬಳ ನಂಬಿದವರು. ಕಾರಣ ಬೇಕೆಂದರೆ ನೂರು ಸಿಗುತ್ತವೆ. ಪ್ರತಿ ಸೋಮವಾರ ಸರ್ವರ್ ನಿಲ್ಲಿಸಿದಾಗ, ಆ ಕ್ಷಣದಲ್ಲಿ ಅರ್ಜಿಯ ಮೂರನೆಯ ಪುಟದಲ್ಲಿ ಇದ್ದವರು ಅದುವರೆಗೆ ತುಂಬಿದ್ದ ಎರಡು ಪುಟ ಅಳಿಸಿಹೋಗುತ್ತಿದ್ದವು. ಹಾರೂಗೇರಿಯ ಒಂದು ನೆಟ್ ಕೆಫೆಯವನು ಫೋನ್ ಮಾಡಿ, “ಮೇಡಂ, ಸೋಮವಾರ ನಿಮ್ಮ ಸೈಟಿಗೆ ಏನ್ ಬ್ಯಾನಿ ಬರ್ತೈತ್ರಿ?” ಎಂದು ಕೇಳಿದ. ಪಾಳಿ ಬದಲಾಗುತ್ತದೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಕರೆಂಟ್ ಹೋಗಿತ್ತು ಎಂದು ಸುಳ್ಳು ಹೇಳಿದೆ.

ನಾಲ್ಕನೆಯ ವಾರದ ಗುರುವಾರ ಐದೂ ಕಾಲೇಜಿನ ಮೊದಲ ಆಯ್ಕೆ ಪಟ್ಟಿ ಹೊರಬಿತ್ತು. ಆಕ್ಷೇಪಣೆ ಇದ್ದವರು ಸೋಮವಾರ ಸಂಜೆ ಐದರೊಳಗೆ ಕೊಡಬೇಕು, ಆಮೇಲೆ ಪಟ್ಟಿ ಕಾಯಂ. ಎರಡನೆಯ ಪಟ್ಟಿಗಾಗಿ ಅರ್ಜಿ ತುಂಬಿಸುವುದು ಮಾತ್ರ ನಿಂತಿರಲಿಲ್ಲ, ಹಾಗಾಗಿ ಪಾಳಿಯೂ ನಿಂತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ನನ್ನ ಕೋಣೆಗೆ ಬಂದಳು. ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅರ್ಜಿಯ ಚೀಟಿ, ಎಲ್ಲ ಒಂದೊಂದು ಪುಟದಲ್ಲಿ ನೀಟಾಗಿ. ಯಡೂರಿನವಳಂತೆ. ಕೆಳಗಿನ ಕ್ಲಾರ್ಕುಗಳು ಮೂರು ಟೇಬಲ್ ತಿರುಗಿಸಿ ಕೊನೆಗೆ ಮೇಲಕ್ಕೆ ಕಳಿಸಿದ್ದರು.

“ಅಕ್ಕಾರ, ಚಿಕ್ಕೋಡಿ ಪಟ್ಟಿಯಾಗ ನನ್ನ ಹೆಸರಿಲ್ರಿ. ರಾಯಬಾಗದಾಗ ಐತಂತ್ರಿ. ನಾ ರಾಯಬಾಗಕ್ಕ ಹಾಕೇ ಇಲ್ರಿ.”

ಚೀಟಿ ನೋಡಿದೆ. ಕೋಡ್ ರಾಯಬಾಗದ್ದು. ತಾರೀಕು ರಾಯಬಾಗದ ಪಾಳಿಯ ವಾರದ್ದು.

“ರಾಯಬಾಗಕ್ಕ ಹೋಗಾಕ ಆಗೂದಿಲ್ಲೇನು?” ಎಂದು ಕೇಳಿದೆ. ಕೇಳಿದ್ದಕ್ಕೆ ನನಗೇ ಹೇಸಿಕೆಯಾಯಿತು.

“ಇಲ್ರಿ. ಯಡೂರಿಂದ ಚಿಕ್ಕೋಡಿಗೆ ಸೀದಾ ಬಸ್ ಐತ್ರಿ. ರಾಯಬಾಗಕ್ಕ ಎರಡು ಬಸ್ಸ ಬದಲಿ ಮಾಡಬೇಕು, ಸಂಜೀಕ ಹೊತ್ತಾಗ್ತೈತಿ. ಮಗಳು ಸಣ್ಣಾಕಿ ಅದಾಳ್ರಿ. ನಮ್ಮ ಮಾವಾರು ಚಿಕ್ಕೋಡಿ ಅಂದ್ರ ಅಷ್ಟ ಕಲಿ ಅಂದಾರ. ಅದನ್ನ ಒಪ್ಪಸಾಕ ನನಗ ಎರಡು ವರ್ಷ ಹಿಡೀತ್ರಿ.”

ಅಷ್ಟನ್ನೂ ಅವಳು ಅಳದೆ ಹೇಳಿದಳು. ಚಿಕ್ಕೋಡಿ ಸಿಗದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು, ಮುಂದಿನ ವರ್ಷ ಎಂಬುದಿಲ್ಲ. ಅವಳ ಅಂಕಗಳು ಚಿಕ್ಕೋಡಿಯ ಪಟ್ಟಿಯ ಕೊನೆಯ ಹೆಸರಿಗಿಂತ ಬಹಳ ಮೇಲಿದ್ದವು. ಅವಳನ್ನು ಕೂರಿಸಿ ಡೇಟಾಬೇಸ್ ತೆರೆದೆ. ಅರ್ಜಿಯ ಕೊನೆಯಲ್ಲಿ ‘ಇತರೆ’ ಎಂಬ ಒಂದು ಡಬ್ಬಿ ಇತ್ತು. ಯಾರೂ ತುಂಬದ, ಯಾವ ಮುದ್ರಿತ ಪಟ್ಟಿಯಲ್ಲೂ ಬಾರದ ಡಬ್ಬಿ. ಅದರಲ್ಲಿ ಅವಳು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದಿದ್ದಳು: ಚಿಕ್ಕೋಡಿ ಕಾಲೇಜು ಬೇಕು, ಯಡೂರಿನಿಂದ ಡೇಲಿ ಅಪ್‌ಡೌನ್ ಮಾಡುತ್ತೇನೆ. ಕೇಳುವ ಅಂಕಣ ಇಲ್ಲದ ಕಡೆ ಜಾಗ ಹುಡುಕಿ ಬರೆದಿದ್ದಳು. ನಾವು ಅದನ್ನು ಓದಿರಲಿಲ್ಲ.

“ಸೋಮವಾರ ಬಾ” ಎಂದೆ. “ನಾ ನೋಡ್ತೀನಿ” ಎಂದು ಮಾತ್ರ ಹೇಳಲಿಲ್ಲ, ಆ ಮಾತನ್ನು ಅವಳು ಅಂದು ಮೂರು ಸಲ ಕೇಳಿರಬೇಕು.

ಅವಳು ಹೋದ ಮೇಲೆ ಲಾಗ್ ಫೈಲುಗಳನ್ನು ತೆರೆದೆ. ತೆಗೆಯಲು ಮರೆತಿದ್ದ ಆ ಒಂದು ಪದ ಅಲ್ಲಿ ಕೂತಿತ್ತು. ಪ್ರತಿ ಭೇಟಿಯ ಎದುರಿಗೆ ಬಂದವರು ಏನು ಕೇಳಿಕೊಂಡು ಬಂದರು ಎಂದು ದಾಖಲಾಗಿತ್ತು: ಕೆಲವು ಕಡೆ ಊರಿನ ಹೆಸರು, ಕೆಲವು ಕಡೆ ಬರೀ ನಂಬರು. ನಂಬರು ಒತ್ತಿ ಬಂದು ಅರ್ಜಿ ಸಲ್ಲಿಸಿದವರ ಸಮಯವನ್ನು ಡೇಟಾಬೇಸಿನ ಸಮಯಕ್ಕೆ ಹೊಂದಿಸಿ ಹೆಸರು ಬರೆದುಕೊಂಡೆ. ನಲವತ್ತಮೂರು ಜನ. ಶನಿವಾರ ಪೂರ್ತಿ ಫೋನ್ ಹಿಡಿದು ಕೂತೆ. “ಯಾವ ಕಾಲೇಜಿಗಂತ ಅರ್ಜಿ ಹಾಕಿದ್ರಿ?” ಒಬ್ಬೊಬ್ಬರದೂ ಬೇರೆ ಉತ್ತರ. ಕಾಗವಾಡದ ಹುಡುಗ ನಿಪ್ಪಾಣಿಯ ಪಟ್ಟಿಯಲ್ಲಿದ್ದ. ನಿಪ್ಪಾಣಿಯ ಹುಡುಗಿ ಚಿಕ್ಕೋಡಿಯ ಪಟ್ಟಿಯಲ್ಲಿದ್ದಳು, ಅವಳಿಗೆ ಚಿಕ್ಕೋಡಿ ಬೇಕಾಗಿರಲೇ ಇಲ್ಲ. ಯಾರ ಸೀಟಿನಲ್ಲಿ ಯಾರೋ. ಕೆಲವರು ತಮ್ಮದೇ ತಪ್ಪು ಎಂದುಕೊಂಡು ಕಚೇರಿಗೆ ಬಂದು ಕೇಳುವ ಯೋಚನೆಯನ್ನೇ ಬಿಟ್ಟಿದ್ದರು. ನಾನು ಫೋನ್ ಮಾಡದಿದ್ದರೆ ಸುಮ್ಮನೆ ಮನೆಯಲ್ಲಿ ಉಳಿಯುತ್ತಿದ್ದರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತಂದಿತು.

ಅಂದೇ ಸಂಜೆ ಪಟ್ಟಿ ಹಿಡಿದುಕೊಂಡು ಹೆಡ್‌ಕ್ಲಾರ್ಕ್ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಎರಡು ಪುಟ ತಿರುವಿದರು.

“ಇಷ್ಟು ಮಂದೀದು ಬ್ಯಾಡವಾ. ಆ ಯಡೂರಾಕಿ ಒಬ್ಬಾಕೀದು ಮಾಡೂಣು. ಆಕಿ ಕಡೆಯಿಂದ ಒಂದು ಅರ್ಜಿ ಬರಸು. ‘ನಾನು ತಪ್ಪಿ ಬೇರೆ ಕಾಲೇಜಿಗೆ ಅರ್ಜಿ ಹಾಕಿರುತ್ತೇನೆ, ದಯಮಾಡಿ ಕ್ಷಮಿಸಬೇಕು.’ ಚೇರ್ಮನ್ನರು ದೊಡ್ಡ ಮನಸು ಮಾಡ್ತಾರ.”

“ತಪ್ಪು ಆಕೀದಲ್ರಿ. ನಮ್ಮದು.”

“ನಮ್ಮದು ಅಂದ್ರ? ಸರ್ವರ್ ನಿನ್ನ ಕೈಯಾಗ ಐತಿ. ನಮ್ಮದು ಅಂತ ಬರದ್ರ ಅದು ನಿನ್ನದು ಆಗ್ತೈತಿ ನೋಡು.”

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುವುದು ಇದನ್ನೇ. ಅವರು ಬೆದರಿಸುವ ದನಿಯಲ್ಲಿ ಹೇಳಲಿಲ್ಲ, ಕಾಳಜಿಯ ದನಿಯಲ್ಲೇ ಹೇಳಿದರು. ಅದಕ್ಕೇ ಇನ್ನಷ್ಟು ಉರಿಯಿತು. ಭಾನುವಾರ ಮನೆಯಲ್ಲಿ ರೊಟ್ಟಿ ಬಡಿಯುವಾಗ ಅವ್ವ ನನ್ನ ಕೈ ನೋಡಿ, “ಹಿಟ್ಟಿನ ಮ್ಯಾಲ ಯಾಕ ತೀರಸ್ಕೊಳ್ಳಾಕತ್ತೀ” ಎಂದಳು.

ಸೋಮವಾರ ಬಂತು. ಅಥಣಿಯ ಪಾಳಿ. ಹನ್ನೊಂದಕ್ಕೆ ಸರ್ವರ್ ನಿಲ್ಲಿಸಿದೆ, ಫೈಲು ತೆರೆದೆ. ಐದು ಹೋಸ್ಟುಗಳ ಕೆಳಗೆ ಆರನೆಯದನ್ನು ಬರೆದೆ, ಅದಕ್ಕೊಂದು ಬೇರೆ ಫೋಲ್ಡರು ಕೊಟ್ಟೆ, ಅದರಲ್ಲಿ ಒಂದೇ ಪುಟ ಇಟ್ಟೆ: ‘ನಿಮಗೆ ಯಾವ ಕಾಲೇಜು ಬೇಕು?’ ಕೆಳಗೆ ಐದು ಹೆಸರು. ಡಿಫಾಲ್ಟ್ ಹೋಸ್ಟಿನ ಸಾಲಿನಲ್ಲಿದ್ದ ಕಾಗವಾಡವನ್ನು ಅಳಿಸಿ, ಅಥಣಿ ಬರೆಯದೆ, ಆ ಆರನೆಯದರ ಹೆಸರು ಬರೆದೆ. ಸರ್ವರ್ ಎದ್ದು ನಿಂತಿತು. ನಂಬರು ಒತ್ತಿ ನೋಡಿದೆ. ಯಾರೂ ಇಲ್ಲದ ಮನೆ, ಐದು ಬಾಗಿಲು. ಇಪ್ಪತ್ತು ನಿಮಿಷ ಹಿಡಿಯಿತು, ಅರ್ಧ ಗಂಟೆಯೂ ಅಲ್ಲ.

ಆಮೇಲೆ ನಲವತ್ತಮೂರು ಹೆಸರಿನ ಪಟ್ಟಿ, ಲಾಗಿನ ಪುಟಗಳು, ಪಾಳಿಯ ರಿಜಿಸ್ಟರಿನ ಜೆರಾಕ್ಸ್, ಅದರಲ್ಲಿ ಪಾಳಿಗೆ ಒಪ್ಪಿ ಐವರು ಡೈರೆಕ್ಟರುಗಳು ಹಾಕಿದ ಸಹಿ, ಪ್ರತಿ ವಾರದ ಎದುರಿಗೆ ನನ್ನ ಸಹಿ. ಎಲ್ಲದರ ಮೇಲೆ ಒಂದು ಪತ್ರ ಬರೆದೆ: ಅರ್ಜಿದಾರರ ತಪ್ಪಿಲ್ಲ, ಈ ಈ ವಾರ ಈ ಈ ಕಾಲೇಜಿಗೆ ನಾನೇ ತಿರುಗಿಸಿದ್ದೇನೆ, ಇಂಥ ಠರಾವಿನ ಪ್ರಕಾರ ತಿರುಗಿಸಿದ್ದೇನೆ. ಕೆಳಗಿಳಿದು, ಕಚೇರಿಗೆ ಬಂದ ಕಾಗದಗಳನ್ನು ದಾಖಲಿಸುವ ಆವಕ ವಿಭಾಗದಲ್ಲಿ ಅದನ್ನು ಆಕ್ಷೇಪಣೆ ಎಂದು ಕೊಟ್ಟೆ. ಆವಕದ ಗುಮಾಸ್ತ ಮೇಲಿನವರನ್ನು ಕೇಳಬೇಕು ಎಂದ. ಸಂಜೆ ಐದರವರೆಗೆ ಯಾರು ಆಕ್ಷೇಪಣೆ ಕೊಟ್ಟರೂ ತೆಗೆದುಕೊಳ್ಳಬೇಕೆಂದು ನೋಟಿಸ್ ಬೋರ್ಡಿನ ಮೇಲೆ ನೀನೇ ಅಂಟಿಸಿದ್ದೀಯಲ್ಲ ಎಂದೆ. ಅವನು ಸಿಕ್ಕಾ ಒತ್ತಿ ನಂಬರ್ ಹಾಕಿದ. ನಂಬರ್ ಬಿದ್ದ ಕಾಗದವನ್ನು ನಮ್ಮ ಕಚೇರಿಯಲ್ಲಿ ಹರಿದು ಹಾಕುವುದು ಯಾರಿಗೂ ಸುಲಭವಲ್ಲ, ಚೇರ್ಮನ್ನರಿಗೂ ಕೂಡ.

ಒಂದೂವರೆಗೆ ಅಥಣಿಯ ಡೈರೆಕ್ಟರು ಜೀಪಿನಲ್ಲಿ ಬಂದಿಳಿದರು. ಫೋನ್ ಬಂದಿಲ್ಲ ಎಂದು ಕಾದು ಕಾದು ಬಂದಿದ್ದರು.

“ನಾಕು ಮಂದೀ ಪಾಳಿ ಆತು. ನಮ್ಮದು ಬಂದಾಗ ಬಂದ್ ಮಾಡ್ತೀಯೇನು? ಅಥಣಿ ಅಂದ್ರ ಏನಂತ ತಿಳದಿ?”

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಐದು ಹೆಸರು. ಯಾವ ಊರಿನವರಿಗೂ ಬಗ್ಗಬಾರದೆಂದು ನಾನು ಅವನ್ನು ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿದ್ದೆ: ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ. ಅವರು ಬಗ್ಗಿ ಓದಿದರು. ಮತ್ತೊಮ್ಮೆ ಓದಿದರು.

“ಅಥಣಿ ಮ್ಯಾಲ ಐತಲ್ಲ.”

“ಹೌದ್ರಿ.”

“ಇದು ವಾರಕ್ಕೊಮ್ಮೆ ಬದಲಾಗ್ತೈತೇನು?”

“ಇಲ್ರಿ. ಕಾಯಂ.”

ಮುಖದ ಮೇಲಿನ ಸಿಟ್ಟು ಹಾಗೇ ಇಳಿದುಹೋಯಿತು. ಕುರ್ಚಿ ಎಳೆದು ಕೂತು ನೀರು ಕೇಳಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಲವತ್ತಮೂರು ಜನರ ಅರ್ಜಿ ಯಾವ ಯಾವುದೋ ಊರಿಗೆ ಹೋಗಿ ಬಿದ್ದಿವೆ ಎಂದು ಹೇಳಿದರೆ ತಲೆಯಾಡಿಸದ ಮನುಷ್ಯ, ಅಕ್ಷರಮಾಲೆಗೆ ತಲೆಯಾಡಿಸಿದ. ಆದರೂ ಆ ಮಧ್ಯಾಹ್ನ ಚೇರ್ಮನ್ನರ ಕೋಣೆಯಲ್ಲಿ ಆರನೆಯ ಹೋಸ್ಟನ್ನು ತೆಗೆಯಬಾರದೆಂದು ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ಅವರೇ.

ಆ ಕೋಣೆಯಲ್ಲಿ ನನ್ನನ್ನು ಒಂದೂವರೆ ಗಂಟೆ ನಿಲ್ಲಿಸಿದರು. ಠರಾವನ್ನು ಕಾಗದದ ಮೇಲೆ ಯಾಕೆ ತಂದೆ, ಮನೆಯ ಮಾತು ಬೀದಿಗೆ ಯಾಕೆ ಹಾಕಿದೆ, ಓದಿದ ಹೆಣ್ಣುಮಕ್ಕಳಿಗೆ ಸಹನೆ ಇರಬೇಕು, ಇಂಥವೇ. ಅವರು ಹೇಳುತ್ತಿದ್ದಷ್ಟು ಹೊತ್ತು ನಾನು ನಂಬರ್ ಬಿದ್ದ ಆ ಕಾಗದವನ್ನೇ ನೋಡುತ್ತಿದ್ದೆ. ಕೊನೆಗೆ ಚೇರ್ಮನ್ನರು ಅದನ್ನು ಎಳೆದುಕೊಂಡು ಅಂಚಿನಲ್ಲಿ ಬರೆದರು: ಪರಿಶೀಲಿಸಿ ಪಟ್ಟಿ ಸರಿಪಡಿಸುವುದು. ತಪ್ಪು ಯಾರದೆಂದು ಬರೆಯಲಿಲ್ಲ. ನಲವತ್ತಮೂರು ಅರ್ಜಿಗಳನ್ನು ಅವರವರು ಹೇಳಿದ ಕಾಲೇಜಿಗೆ ಹಾಕಿ ಪಟ್ಟಿಯನ್ನು ಮತ್ತೆ ತೆಗೆದೆ. ಯಡೂರಿನವಳ ಹೆಸರು ಚಿಕ್ಕೋಡಿಯ ಪಟ್ಟಿಯಲ್ಲಿ ಏಳನೆಯದಾಗಿ ಬಂತು.

ನಾಲ್ಕೂವರೆಗೆ ಅವಳನ್ನು ಒಳಗೆ ಕರೆದರು. ಅಷ್ಟರೊಳಗೆ ಹೆಡ್‌ಕ್ಲಾರ್ಕ್ ಏರ್ಪಾಡು ಮಾಡಿಬಿಟ್ಟಿದ್ದರು. ಮೇಜಿನ ಮೇಲೆ ಒಂದು ತೆಂಗಿನಕಾಯಿ, ಒಂದು ಹಾರ. ಒಬ್ಬ ಗುಮಾಸ್ತನ ಕೈಯಲ್ಲಿ ಕ್ಯಾಮೆರಾ. ಬಡ ಹೆಣ್ಣುಮಗಳಿಗೆ ಚೇರ್ಮನ್ನರ ಕೃಪೆಯಿಂದ ಸೀಟು ಎಂದು ಸಂಸ್ಥೆಯ ವಾರ್ಷಿಕ ಪತ್ರಿಕೆಗೆ ಫೋಟೊ ಬೇಕಾಗಿತ್ತು. ನಾನು ಬಾಗಿಲ ಬಳಿ ಪ್ರವೇಶದ ಚೀಟಿ ಹಿಡಿದು ನಿಂತಿದ್ದೆ. ಅದನ್ನೂ ಚೇರ್ಮನ್ನರ ಕೈಯಿಂದಲೇ ಕೊಡಿಸಬೇಕೆಂದು ಹೇಳಿದ್ದರು.

“ಬಾರವಾ” ಎಂದರು ಹೆಡ್‌ಕ್ಲಾರ್ಕ್. “ಸಾಹೇಬ್ರು ನಿನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊಂಡಾರ. ಹಾರ ಹಾಕು, ಕಾಲು ಮುಟ್ಟು.”

ಅವಳು ಹಾರವನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ತಲೆಯಾಡಿಸಲಿಲ್ಲ, ಬೇಡ ಎಂದು ಸನ್ನೆಯನ್ನೂ ಮಾಡಲಿಲ್ಲ. ಅಷ್ಟು ಧೈರ್ಯ ಆ ದಿನಕ್ಕೆ ಖರ್ಚಾಗಿಹೋಗಿತ್ತು.

“ನಾ ಏನ್ ತಪ್ಪು ಮಾಡೀನ್ರಿ?” ಎಂದು ಅವಳು ಚೇರ್ಮನ್ನರನ್ನೇ ಕೇಳಿದಳು. ದನಿ ಏರಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳುವಂತೆ ಕೇಳಿದಳು. “ಚಿಕ್ಕೋಡಿ ಅಂತ ಬರದೀನ್ರಿ. ನೀವು ಓದಿದ್ದಿಲ್ಲ. ಈಗ ಓದೀರಿ.”

ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ. ಚೇರ್ಮನ್ನರು ಮೇಜಿನ ಮೇಲಿನ ಗಾಜನ್ನು ಅಂಗೈಯಿಂದ ಒರೆಸತೊಡಗಿದರು.

ಅವಳು ಹಾರ ಮುಟ್ಟದೆ ಮೇಜಿನಿಂದ ತಿರುಗಿ, ಬಾಗಿಲ ಬಳಿ ನಿಂತಿದ್ದ ನನ್ನ ಕಡೆಗೇ ಬಂದು ಕೈಚಾಚಿದಳು.

“ಚೀಟಿ ಕೊಡ್ರಿ ಅಕ್ಕಾರ. ನನಗ ಬಸ್ಸಿನ ಟೈಮ್ ಆತು.”

ಕೊಟ್ಟೆ. ಅವಳು ಅಲ್ಲೇ ನಿಂತು, ಎಲ್ಲರೆದುರಿಗೆ, ಬೆರಳಿಟ್ಟು ಮೇಲಿಂದ ಕೆಳಗೆ ಓದಿದಳು. ತನ್ನ ಹೆಸರು, ಊರು, ಕೋರ್ಸು. ಕಾಲೇಜಿನ ಹೆಸರಿನ ಮುಂದೆ ಬೆರಳು ನಿಲ್ಲಿಸಿ ಎರಡು ಸಲ ಓದಿದಳು. ಸರಿಯಿದೆ ಎಂದು ಖಾತ್ರಿಯಾದ ಮೇಲೆ ಫೈಲಿನಲ್ಲಿ ಇಟ್ಟುಕೊಂಡು ಹೊರಟಳು.